ಅಳಲಿನೊಳಗಿನ ಬೆಂಕಿ

ಈ ವಾರದ ಅಂಕಣದಲ್ಲಿ ‘ತ್ರಾಸ’ ಎಂಬ ಪದದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಎಲ್ಲಿ ಹೋದರೂ ಮೊಣಕಾಲು ನೋವೂ ತ್ರಾಸ, ಬಸ್ಸು ತಪ್ಪಿದ್ದೂ ತ್ರಾಸ. ಸಂಸ್ಕೃತದಲ್ಲಿ ಅದಕ್ಕೆ ಹೆದರಿಕೆ, ನಡುಕ ಎಂಬರ್ಥ. ಮರಾಠಿಯಲ್ಲಿ ತೊಂದರೆ, ನಮ್ಮ ಕಡೆಯೂ ಅದೇ. ತ್ರಾಸಕ್ಕೆ ಇಷ್ಟು ಸಾಕು.

ಏಕೆಂದರೆ ಮೊನ್ನೆ ಹಿರೇಕೆರೂರಿನ ಕಡೆ ಒಂದು ಮನೆಗೆ ಮಾತಾಡಿಸಲು ಹೋಗಿದ್ದೆ. ಪ್ರಾಯದ ಮಗ ತೀರಿಕೊಂಡಿದ್ದ. ತಾಯಿ ಅಳುತ್ತಿರಲಿಲ್ಲ. ಗೋಡೆಗೆ ಆನಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ‘ಹೊಟ್ಟ್ಯಾಗ ಬೆಂಕಿ ಬಿದ್ದೈತಿ ಯಪ್ಪಾ’ ಎಂದರು. ತ್ರಾಸ ಎನ್ನಲಿಲ್ಲ.

ಆ ಬೆಂಕಿಯೇ ‘ಅಳಲು’. ಅಳುವಿನಿಂದ ಅಳಲು ಬಂತೆಂದು ಹೇಳುವವರೊಡನೆ ನನ್ನ ಜಗಳ ಹಳೆಯದು. ಎರಡರಲ್ಲೂ ಈಗಿನ ಳ ಇರುವಲ್ಲಿ ಹಿಂದೆ ಇದ್ದದ್ದು ೞ ಅಕ್ಷರ. ಗೊಂದಲಕ್ಕೆ ಕಾರಣವೂ ಅದೇ. ಹಾನಗಲ್ಲು ‘ಪಾನುಂಗಲ್’ ಆಗಿದ್ದ ಕಾಲದ ಕನ್ನಡದಲ್ಲಿ ಆ ಅಕ್ಷರವಿತ್ತು. ನಾಲಿಗೆಯಿಂದ ಜಾರುತ್ತಿದ್ದ ಅದನ್ನು ಹಿಡಿದಿಡಲು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪದಗಳ ಪಟ್ಟಿಯನ್ನೇ ಕೊಟ್ಟ. ತಮಿಳಿನಲ್ಲಿ ‘ಅೞಲ್’ ಎಂದರೆ ಇಂದಿಗೂ ಬೆಂಕಿ, ಉರಿ. ಮಲಯಾಳದಲ್ಲಿ ಬೆಂಕಿಯೂ ಹೌದು, ದುಃಖವೂ ಹೌದು. ಕನ್ನಡದಲ್ಲಿ ಉರಿ ಆರಿ ದುಃಖವಷ್ಟೇ ಉಳಿಯಿತು.

ಉರಿ ನಿಜಕ್ಕೂ ಆರಿತೇ? ‘ನೊಂದು ಬೆಂದ ಜೀವ’ ಎನ್ನುತ್ತೇವೆ. ನೋವಿನ ಬೆನ್ನಿಗೇ ಬೇಯುವುದು ಬರುತ್ತದೆ. ಸಂಸ್ಕೃತದ ‘ಸಂತಾಪ’ದಲ್ಲಿರುವುದು ತಾಪ. ‘ಶೋಕ’ದ ಧಾತು ‘ಶುಚ್’, ಅದೂ ಉರಿಯುವುದೇ. ಎರಡು ಬೇರೆ ಬೇರೆ ಭಾಷಾಕುಲಗಳು ಕಡುದುಃಖಕ್ಕೆ ಹೆಸರು ಹುಡುಕುತ್ತ ಒಂದೇ ಒಲೆಯ ಮುಂದೆ ಬಂದು ನಿಂತಿವೆ. ನಿಘಂಟು ಕಾಣದ ಆ ತಾಯಿಯ ಮಾತೂ ಅಲ್ಲಿಗೇ ಬಂತು.

ಅಳು ಕಣ್ಣಿನಿಂದ ಹರಿದು ಹೋಗುತ್ತದೆ. ಅಳಲು ಒಳಗೇ ಉಳಿದು ಸುಡುತ್ತದೆ. ಅಂಥ ಪದವನ್ನು ನಾವು ಪತ್ರಿಕೆಯವರು ದಿನವೂ ಸವೆಸುತ್ತಿದ್ದೇವೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ‘ನಿವಾಸಿಗಳ ಅಳಲು’, ರಸ್ತೆಯಲ್ಲಿ ಗುಂಡಿ ಬಿದ್ದರೆ ‘ಸವಾರರ ಅಳಲು’. ಆ ಕಷ್ಟಗಳು ಸುಳ್ಳಲ್ಲ. ಅವುಗಳಿಗೆ ‘ದೂರು’ ಎಂಬ ಗಟ್ಟಿ ಪದವಿದೆ, ಉತ್ತರ ಕೇಳುವ ಪದ. ಅದನ್ನು ಬಳಸೋಣ. ಅಳಲನ್ನು ಗೋಡೆಗೆ ಆನಿಕೊಂಡು ಕೂತ ಆ ತಾಯಿಗೆ ಬಿಡೋಣ.