‘ರಾಮಧಾನ್ಯಚರಿತೆ’ಯ ಪರೀಕ್ಷೆಯೂ ರಾಗಿಯ ಒಗರೂ

ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಕುರಿತು ನಮ್ಮಲ್ಲಿ ನಡೆದಿರುವ ವಿಮರ್ಶೆಯು ಬಹುಮಟ್ಟಿಗೆ ಅದರ ಸಾಮಾಜಿಕಾರ್ಥವನ್ನೇ ಹಿಡಿದು ಸಾಗಿದೆ. ವ್ರೀಹಿಯು ಉಳ್ಳವರ ಅನ್ನ, ನರೆದಲೆಗವು ಬಡವರ ಹಿಟ್ಟು. ಅವುಗಳ ಜಗಳದ ನೆಪದಲ್ಲಿ ಕವಿ ಕುಲಾಭಿಮಾನವನ್ನು ವಿಡಂಬಿಸಿದ್ದಾನೆ ಎಂಬುದು ಸರ್ವವಿದಿತ. ಈ ಅರ್ಥವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈಚೆಗೆ ಈ ಕಾವ್ಯಕ್ಕೆ ಮತ್ತೊಂದು ಅರ್ಥವನ್ನು ಹೊಂದಿಸುವ ಪ್ರಯತ್ನ ಕಾಣಬರುತ್ತಿದೆ. ಅದರ ಯುಕ್ತಾಯುಕ್ತತೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೆಂಗಳೂರಿನ ಹೊರವಲಯವು ಮೊದಲಿನಿಂದಲೂ ರಾಗಿಯ ಸೀಮೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಪ್ರದೇಶದಲ್ಲಿ 1978ರಲ್ಲಿ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಅಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ದಿನವಿಡೀ ಕುಳಿತು ದುಡಿಯುವವರಿಗೆ ರಾಗಿಯು ಇಂದು ‘ಬೊಜ್ಜು ಕರಗಿಸುವ’ ಪದಾರ್ಥವಾಗಿ ಹಿಂದಿರುಗಿದೆ. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಈ ಮಾತು ಮತ್ತಷ್ಟು ಬಲಗೊಂಡಿದೆ. ರಾಗಿಯ ಹಿರಿಮೆಗೆ ಕನಕದಾಸರನ್ನೇ ಸಾಕ್ಷಿಯಾಗಿ ಕರೆಯುವುದೂ ಉಂಟು. ಆ ಸಾಕ್ಷ್ಯವು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಮೊದಲು ಕಾವ್ಯವನ್ನೇ ನೋಡೋಣ. ಶ್ರೀರಾಮನು ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದಾಗ ವ್ರೀಹಿ ಕಳೆಗುಂದಿರುತ್ತದೆ, ನರೆದಲೆಗ ಗಟ್ಟಿಯಾಗಿರುತ್ತದೆ. ರಾಘವನ ಹೆಸರು ಅದಕ್ಕೆ ಸಲ್ಲುತ್ತದೆ. ಇಲ್ಲಿ ಪರೀಕ್ಷೆಗೊಳಗಾದುದು ಉಂಡವನ ಮೈಯಲ್ಲ, ಕಾಳಿನ ಬಾಳಿಕೆ. ನೆಲದೊಳಗಿನ ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಿಟ್ಟು ಬರಗಾಲವನ್ನು ದಾಟಿದ ಜನರ ಅನುಭವವೇ ಈ ಕಲ್ಪನೆಗೆ ಆಧಾರವೆಂದು ನಮಗೆ ತೋರುತ್ತದೆ.

ಈ ಬಾಳಿಕೆಗೆ ಕಾರಣಗಳು ಹಲವು: ಕಾಳು ಕಿರಿದು, ಕೊಬ್ಬು ಕಡಮೆ. ಇವುಗಳೊಡನೆ ಬೀಜದ ಕೆಂಪು ಹೊರಪದರದಲ್ಲಿ ಟ್ಯಾನಿನ್ ಮೊದಲಾದ ಫೀನಾಲ್ ಸಂಯುಕ್ತಗಳು ನೆಲಸಿವೆ. ನಾಲಗೆಗೆ ಒಗರಾಗಿ ತೋರುವ ಇವು ಸಸ್ಯಕ್ಕೆ ಹುಳು ಬೂಷ್ಟುಗಳಿಂದ ರಕ್ಷಣೆಯನ್ನು ಒದಗಿಸುತ್ತವೆ. ಹೊರಪದರದ ಸಾರವು ಇಡೀ ಹಿಟ್ಟಿನ ಸಾರಕ್ಕಿಂತ ಹೆಚ್ಚಾಗಿ ಸೂಕ್ಷ್ಮಜೀವಿಗಳನ್ನು ತಡೆಯಿತೆಂಬುದು 2009ರಲ್ಲಿ ಪ್ರಕಟವಾದ ಮೈಸೂರಿನ ಒಂದು ಸಂಶೋಧನೆಯ ಫಲಿತಾಂಶ. ಸೆರೆಮನೆಯಲ್ಲಿ ನರೆದಲೆಗವನ್ನು ಕಾಯ್ದುದರಲ್ಲಿ ಈ ಒಗರಿಗೂ ಪಾಲುಂಟೆಂದರೆ ಅತಿಶಯೋಕ್ತಿಯಾಗದು.

ಇನ್ನು ಮೈಯ ವಿಚಾರ. ಅದೇ ವರ್ಷ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿದ್ವಾಂಸರು, ಈ ಫೀನಾಲುಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್, ಗ್ಲುಕೋಸಿಡೇಸ್ ಎಂಬ ಕಿಣ್ವಗಳನ್ನು ತಡೆಯುವುದನ್ನು ತೋರಿಸಿದರು. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಆಹಾರದ ನೂರಕ್ಕೆ 20 ಪಾಲು ರಾಗಿಯ ಹೊರಪದರವನ್ನು ಆರು ವಾರ ತಿಂದ ಮಧುಮೇಹದ ಇಲಿಗಳಲ್ಲಿ ರಕ್ತದ ಸಕ್ಕರೆಯ ಏರಿಕೆ ತಗ್ಗಿತು. 2014ರಲ್ಲಿ ಮೊಹಾಲಿಯ ಸಂಶೋಧಕರು ಕೊಬ್ಬಿನ ಆಹಾರ ತಿಂದ ಮೂಷಕಗಳಿಗೆ ರಾಗಿಯ ಹೊಟ್ಟನ್ನು ಕೊಟ್ಟು, ಬೊಜ್ಜಿಗೆ ಸಂಬಂಧಿಸಿದ ಉರಿಯೂತವೂ ಕರುಳಿನ ಜೀವಾಣುಗಳ ಏರುಪೇರೂ ಕಡಮೆಯಾದುದನ್ನು ಕಂಡರು. ಇವು ಗೌರವಾರ್ಹವಾದ ಸಂಶೋಧನೆಗಳು. ಆದರೆ ನಳಿಕೆಯೊಳಗಿನ ಕಿಣ್ವವೂ ಬೋನಿನೊಳಗಿನ ಇಲಿಯೂ ಮನುಷ್ಯನಲ್ಲ. ಆಹಾರದ ಐದನೆಯ ಒಂದು ಪಾಲು ಹೊಟ್ಟನ್ನೇ ತಿನ್ನುವವರು ನಮ್ಮಲ್ಲಿ ಯಾರು? ಇಂಥ ಫೀನಾಲುಗಳಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತವನ್ನು ಸೇರುತ್ತದೆ. ಉಳಿದುದು ದೊಡ್ಡ ಕರುಳಿನ ಜೀವಾಣುಗಳ ಪಾಲಾಗುತ್ತದೆ. ಆದುದರಿಂದ ‘ನೆರವಾಗಬಹುದು’ ಎನ್ನುವುದು ಶಾಸ್ತ್ರ, ‘ಕರಗಿಸುತ್ತದೆ’ ಎನ್ನುವುದು ವ್ಯಾಪಾರ.

ಇಲ್ಲಿ ಇನ್ನೊಂದು ವಿಪರ್ಯಾಸವನ್ನು ಗಮನಿಸಬೇಕು. ಗುಣವಿರುವುದು ಹೊರಪದರದಲ್ಲಿ, ನಯಸ್ಸಿಗಾಗಿ ಮೊದಲು ಬಿಸಾಡುವುದೂ ಅದನ್ನೇ. ವಸ್ತ್ರಗಾಳಿತ ಮಾಡಿದ ಹಿಟ್ಟು ಕೂಸಿನ ಸರಿಗೆ ಯೋಗ್ಯ. ಆದರೆ ಹಾಗೆ ಸೋಸಿ, ಸಕ್ಕರೆ ಬೆರೆಸಿದ ಪುಡಿಯನ್ನು ಕುಡಿದು ಮೈ ಇಳಿಯಿತೆಂದು ನಂಬುವುದು, ನರೆದಲೆಗವನ್ನು ಗೆಲ್ಲಿಸಿ ಅದರ ಕವಚವನ್ನು ಕಿತ್ತುಕೊಂಡಂತೆ.

ಒಗರಿಗೆ ಮತ್ತೊಂದು ಮುಖವೂ ಇದೆ. ಇದೇ ಟ್ಯಾನಿನ್, ಫೈಟೇಟಿನೊಡನೆ ಸೇರಿ ಕಬ್ಬಿಣಾಂಶವು ಮೈಗೆ ಹತ್ತದಂತೆ ಮಾಡುತ್ತದೆ. ಹೆಚ್ಚು ಉಂಡು ಬೊಜ್ಜು ಬೆಳೆದವನಿಗೆ ಉಪಕಾರಿಯಾಗಬಹುದಾದ ತಡೆಯು, ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ರಕ್ತಹೀನಳಾದ ಹೆಣ್ಣುಮಗಳಿಗೆ ಅಪಕಾರವಾಗಬಹುದು. ರಾಗಿಯನ್ನು ಮೊಳಕೆ ಬರಿಸಿದರೆ ಈ ತಡೆ ತಗ್ಗುತ್ತದೆ. ಮುದ್ದೆಯ ಜೊತೆಯ ಸಾರಿಗೆ ನಿಂಬೆ ಹಿಂಡಿದರೂ ಕಬ್ಬಿಣಾಂಶ ಸುಲಭವಾಗಿ ಒಗ್ಗುತ್ತದೆ. ಒಂದೇ ಧಾನ್ಯದ ಗುಣದೋಷಗಳು ಉಣ್ಣುವವರ ಸ್ಥಿತಿಯನ್ನು ಅವಲಂಬಿಸಿವೆ ಎಂಬುದು ಇದರಿಂದ ಸ್ಪಷ್ಟ.

ಕಾವ್ಯದಲ್ಲಿ ನರೆದಲೆಗವು ತನ್ನ ಹಿರಿಮೆಯನ್ನು ಸಾಧಿಸುವುದು ಬರಗಾಲದಲ್ಲಿ ಬಡವರನ್ನು ಕೈಬಿಡಲಿಲ್ಲವೆಂಬ ಮಾತಿನಿಂದ. ಆ ಮಾತನ್ನು ಮರೆತು, ಉಳ್ಳವರ ಬೊಜ್ಜಿಗೆ ಮದ್ದೆಂದು ಮಾತ್ರ ಅದನ್ನು ಹೊಗಳಿದರೆ, ವ್ರೀಹಿಯ ಪೀಠದಲ್ಲಿ ರಾಗಿಯನ್ನು ಕುಳ್ಳಿರಿಸಿದಂತಾಯಿತೇ ಹೊರತು ಕನಕದಾಸರನ್ನು ಓದಿದಂತಾಗಲಿಲ್ಲ. ಶ್ರೀರಾಮನು ವಾದವನ್ನು ಕೇಳಿದೊಡನೆ ತೀರ್ಪು ಕೊಡಲಿಲ್ಲ, ಆರು ತಿಂಗಳು ಕಾದನು. ರಾಗಿಯ ಫೀನಾಲುಗಳ ವಿಷಯದಲ್ಲಿಯೂ ಅಧ್ಯಾಪಕರೂ ವಿದ್ಯಾರ್ಥಿಗಳೂ ಅನುಸರಿಸಬೇಕಾದ ಕ್ರಮ ಅದೇ ಎಂದು ನಾವು ಭಾವಿಸುತ್ತೇವೆ.