ಬಣ್ಣದ ಆಚೆಗಿನ ಕುಳಿಗಳು

ಟಾಹೊ ಸರೋವರಕ್ಕೆಂದು ಹೊರಟ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮವರು ಈಚೆಗೆ ದಾರಿಯಲ್ಲಿ ಡಾನರ್ ಪಾಸ್ ಹತ್ತಿರ ಇಳಿದು, ಟಾರ್ಚ್ ಹಿಡಿದು, ರೈಲು ಬಿಟ್ಟುಹೋದ ಸುರಂಗಗಳೊಳಗೆ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಫೋಟೊ ಕಳಿಸುತ್ತಾರೆ. ಹೆಚ್ಚಿನ ಫೋಟೊಗಳಲ್ಲಿ ಸುರಂಗವೇ ಇರುವುದಿಲ್ಲ ಎಂಬುದು ನನ್ನ ತಕರಾರು.

ಅವುಗಳಲ್ಲಿ ಇರುವುದು ಹಳಿಯ ಮೇಲೆ ಹಿಮ ಬೀಳದಿರಲೆಂದು ಕಟ್ಟಿದ ಕಾಂಕ್ರೀಟ್ ಮಾಡು. ಅದರ ಗೋಡೆ ತುಂಬ ಸ್ಪ್ರೇ ಬಣ್ಣದ ಬರಹ. ನೋಡಲು ಚೆಂದವೇ, ಇಲ್ಲವೆನ್ನಲಾರೆ. ಆದರೆ ನಿಜವಾದ ಕೆಲಸ ಇರುವುದು ಕತ್ತಲಿನಲ್ಲಿ, 1,659 ಅಡಿ ಉದ್ದದ ಆರನೇ ನಂಬರಿನ ಸುರಂಗದಲ್ಲಿ.

ಅಲ್ಲಿ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಯಬೇಕು. ಗ್ರಾನೈಟಿನ ಮೇಲೆ ಉದ್ದಕ್ಕೆ ಸೀಳಿದ ಕೊಳವೆಯಂಥ ಗೀರುಗಳು ಕಾಣುತ್ತವೆ. ಮದ್ದು ತುಂಬಲು ಕೊರೆದ ಕುಳಿಗಳ ಉಳಿಕೆ ಅವು. ಒಬ್ಬ ಉಳಿ ಹಿಡಿದು ಪೆಟ್ಟಿಗೊಮ್ಮೆ ತುಸು ತಿರುಗಿಸುತ್ತಿದ್ದ, ಇನ್ನಿಬ್ಬರು ಸುತ್ತಿಗೆ ಬೀಸುತ್ತಿದ್ದರು. ಹಗಲಿರುಳು ಪಾಳಿಯಲ್ಲಿ ದುಡಿದರೂ ದಿನಕ್ಕೆ ಒಂದು ಮುಖದಲ್ಲಿ ಕೆಲಸ ಸಾಗುತ್ತಿದ್ದುದು ಅಡಿಯ ಲೆಕ್ಕದಲ್ಲಿ. ಅದಕ್ಕೇ ಬೆಟ್ಟದ ನೆತ್ತಿಯಿಂದ ಬಾವಿಯಂತೆ ತೋಡಿಕೊಂಡು ಇಳಿದು, ನಡುವಿನಿಂದಲೂ ಎರಡೂ ದಿಕ್ಕಿಗೆ ಕೊರೆದರು. ಅಪಾಯದ ನೈಟ್ರೊಗ್ಲಿಸರಿನ್ನನ್ನು ಅಲ್ಲೇ ತಯಾರಿಸಿ ಬಳಸಿದರು. 1867ರ ಆಗಸ್ಟಿನಲ್ಲಿ ಸುರಂಗ ತೆರೆದುಕೊಂಡಿತು.

ಕೊರೆದವರಲ್ಲಿ ಬಹುಪಾಲು ಚೀನಾದ ಗುವಾಂಗ್‌ಡಾಂಗ್ ಕಡೆಯವರು. ಅದೇ ವರ್ಷ ಜೂನ್‌ನಲ್ಲಿ ಅವರು ಹೆಚ್ಚಿನ ಕೂಲಿ, ಸುರಂಗದಲ್ಲಿ ಕಡಿಮೆ ಹೊತ್ತಿನ ಕೆಲಸ ಕೇಳಿ ಸುತ್ತಿಗೆ ಕೆಳಗಿಟ್ಟರು. ಈ ಹಳಿ ಹಾಕಿಸುತ್ತಿದ್ದ ಸೆಂಟ್ರಲ್ ಪೆಸಿಫಿಕ್ ಕಂಪನಿ ಊಟದ ಸಾಮಾನು ತಡೆಹಿಡಿಯಿತು. ವಾರದೊಳಗೆ ಮುಷ್ಕರ ಮುರಿಯಿತು. 1882ರಲ್ಲಿ ಅಮೆರಿಕ ಚೀನೀ ಕೂಲಿಗಳು ಬರದಂತೆ ಕಾನೂನನ್ನೇ ಮಾಡಿತು. ಈ ಹಳಿಗಾಗಿ ದುಡಿದ ಸಾವಿರಾರು ಚೀನೀಯರಲ್ಲಿ ಒಬ್ಬನ ಕೈಬರಹದ ಕಾಗದವೂ ಚರಿತ್ರಕಾರರಿಗೆ ಸಿಕ್ಕಿಲ್ಲ. ಅವರು ಬಿಟ್ಟದ್ದು ಈ ಕುಳಿಗಳು, ಪಕ್ಕದಲ್ಲೇ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ‘ಚೀನಾ ಗೋಡೆ’. ಅಂಥ ಜಾಗದಲ್ಲಿ ನಿನ್ನೆ ಮೊನ್ನೆ ಬಂದವನು ತನ್ನ ಹೆಸರನ್ನು ಆಳೆತ್ತರಕ್ಕೆ ಬರೆದು ಹೋಗುವುದನ್ನು ಕಲೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ಬಾಗಿಲು ಹಾಕಿ ಎನ್ನುವವರ ಪಕ್ಷವೂ ನನ್ನದಲ್ಲ. ಪುಸ್ತಕದಲ್ಲಿ ಓದಿದ ‘ದಿನಕ್ಕೊಂದು ಅಡಿ’ ಎಂಬ ಮಾತು ಕತ್ತಲಲ್ಲಿ ಹದಿನೈದು ನಿಮಿಷ ನಡೆದಾಗಲೇ ಮೈಗೆ ಹತ್ತುವುದು. 1993ರಲ್ಲಿ ರೈಲುಗಳು ದಕ್ಷಿಣದ ಇನ್ನೊಂದು ಸುರಂಗಕ್ಕೆ ಹೋದವು. 2021ರಲ್ಲಿ ಈ ಜಾಗ ಅಮೆರಿಕದ ಅಪಾಯದಲ್ಲಿರುವ ಹನ್ನೊಂದು ಚಾರಿತ್ರಿಕ ತಾಣಗಳ ಪಟ್ಟಿ ಸೇರಿತು. ಹೋಗುವವರು ಟಾರ್ಚ್ ಒಯ್ಯಿರಿ, ಬಣ್ಣದ ಡಬ್ಬಿ ಮನೆಯಲ್ಲಿರಲಿ.