ಚೆಕ್‌ಲಿಸ್ಟ್ ತುಂಬಿದರೆ ಜೀವ ಉಳಿಯುತ್ತದೆಯೇ?

ಹೆರಿಗೆ ವಾರ್ಡಿನಲ್ಲಿ ಬಳಸಲೆಂದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ನೋಡಲು ತೀರಾ ಸರಳ. ಗರ್ಭಿಣಿ ದಾಖಲಾದಾಗ, ಮಗು ಹೊರಬರುವ ಸ್ವಲ್ಪ ಮುಂಚೆ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳಿಸುವ ಮುನ್ನ, ಹೀಗೆ ನಾಲ್ಕು ಸಲ ನರ್ಸ್ ಅದನ್ನು ಓದಿ ಗುರುತು ಹಾಕಬೇಕು. ಕೈ ತೊಳೆದದ್ದಾಯಿತೇ? ಬಿಪಿ ನೋಡಿದ್ದಾಯಿತೇ? ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಕೊಡಬೇಕಾದ 10 ಯೂನಿಟ್ ಆಕ್ಸಿಟೋಸಿನ್ ಸಿರಿಂಜಿನಲ್ಲಿ ತಯಾರಿದೆಯೇ? ಮಗು ಅಳದಿದ್ದರೆ ಉಸಿರು ಕೊಡುವ ಬ್ಯಾಗ್, ಮಾಸ್ಕ್ ಕೈಗೆ ಸಿಗುವಲ್ಲಿವೆಯೇ? ಬಾಣಂತಿಯ ರಕ್ತಸ್ರಾವ, ನಂಜು, ಮಗುವಿನ ಉಸಿರುಗಟ್ಟುವಿಕೆ ಇವುಗಳನ್ನು ತಡೆಯುವ ಕ್ರಮಗಳೇ ಇದರಲ್ಲಿವೆ.

ಇದರ ಮೊದಲ ಪರೀಕ್ಷೆಗಳಲ್ಲಿ ಒಂದು ನಡೆದದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯಲ್ಲಿ, 2010ರಲ್ಲಿ. ಮಾಡಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ಆಗುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25 ಆದವು. ಭರವಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಅದು ಒಂದೇ ಆಸ್ಪತ್ರೆಯ ಮೊದಲು ಮತ್ತು ನಂತರದ ಹೋಲಿಕೆ. ಎಷ್ಟು ಕೆಲಸ ನಡೆಯಿತು ಎಂಬುದನ್ನು ಅದು ಹೇಳಿತು. ಎಷ್ಟು ಜೀವ ಉಳಿಯಿತು ಎಂಬುದನ್ನು ಹೇಳಲು ಅಷ್ಟು ಸಾಲದು.

ಆ ಪ್ರಶ್ನೆಗೆ ಉತ್ತರ ಹುಡುಕಿದ್ದು ಉತ್ತರ ಪ್ರದೇಶದಲ್ಲಿ ನಡೆದ ಬೆಟರ್‌ಬರ್ತ್ ಅಧ್ಯಯನ. ಶಸ್ತ್ರವೈದ್ಯ ಅತುಲ್ ಗವಾಂಡೆ ಸ್ಥಾಪಿಸಿದ ಅರಿಯಾಡ್ನೆ ಲ್ಯಾಬ್ಸ್ ಅದರ ಮುಂಚೂಣಿಯಲ್ಲಿತ್ತು. 120 ಆಸ್ಪತ್ರೆಗಳಲ್ಲಿ ಅರ್ಧಕ್ಕೆ ಚೆಕ್‌ಲಿಸ್ಟ್ ಜೊತೆಗೆ ಎಂಟು ತಿಂಗಳ ಮಾರ್ಗದರ್ಶನ ಸಿಕ್ಕಿತು. ಉಳಿದರ್ಧ ಎಂದಿನಂತೆ ನಡೆದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳು ಲೆಕ್ಕಕ್ಕೆ ಬಂದವು. ಎರಡು ತಿಂಗಳಾದಾಗ ಮಾರ್ಗದರ್ಶನ ಪಡೆದ ಕಡೆ ಶೇ. 72.8ರಷ್ಟು ಅಗತ್ಯ ಕ್ರಮಗಳು ಪಾಲನೆಯಾಗುತ್ತಿದ್ದವು, ಇತರೆಡೆ ಶೇ. 41.7. ಹನ್ನೆರಡು ತಿಂಗಳಿಗೆ, ಅಂದರೆ ಮಾರ್ಗದರ್ಶಕರು ಹೋಗಿ ನಾಲ್ಕು ತಿಂಗಳಾದ ಮೇಲೆ, ಮೊದಲ ಗುಂಪಿನ ಪ್ರಮಾಣ ಶೇ. 61.7ಕ್ಕೆ ಇಳಿದಿತ್ತು. ಏಳು ದಿನದೊಳಗೆ ತಾಯಿಗೋ ಮಗುವಿಗೋ ಸಾವು, ಇಲ್ಲವೇ ತಾಯಿಗೆ ತೀವ್ರ ತೊಂದರೆ ಆದ ಪ್ರಮಾಣ ಮಾರ್ಗದರ್ಶನ ಪಡೆದ ಕಡೆ ಶೇ. 15.1, ಇತರೆಡೆ ಶೇ. 15.3. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು.

ಹಾಗೆಂದು ಚೆಕ್‌ಲಿಸ್ಟನ್ನು ಕಸದ ಬುಟ್ಟಿಗೆ ಹಾಕುವುದು ತಪ್ಪು ಓದು. ಬಿಪಿ ಏರಿದ್ದು ಗೊತ್ತಾಗುವಂತೆ ಅದು ಮಾಡಬಲ್ಲದು. ಆಮೇಲೆ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಬೇಕು, ಅದನ್ನು ಕೊಡಬಲ್ಲ ಕೈ ಬೇಕು. ರಕ್ತಸ್ರಾವ ನಿಲ್ಲದಿದ್ದರೆ ರಕ್ತ ಬೇಕು, ಸಿಸೇರಿಯನ್ ಮಾಡುವ ವೈದ್ಯರು ಬೇಕು, ಹೊತ್ತಿಗೆ ಸರಿಯಾಗಿ ಆಂಬುಲೆನ್ಸ್ ಬೇಕು. ಉಸಿರಾಡದ ಮಗುವಿಗೆ ಮಾಸ್ಕ್ ಸರಿಯಾಗಿ ಕೂರಿಸುವುದು ಅಭ್ಯಾಸದಿಂದ ಬರುವ ಕೌಶಲ. ಇದಾವುದನ್ನೂ ಹಾಳೆ ತಂದುಕೊಡದು.

ಬೆಟರ್‌ಬರ್ತ್ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಅಧ್ಯಯನ ಬೆಳಗಾವಿ ಜಿಲ್ಲೆಯದು. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಭಾಗಿಯಾಗಿದ್ದ ಅದರ ವರದಿ ಬಂದದ್ದು 2006ರಲ್ಲಿ. ಹೆರಿಗೆಯಾದ ಕೂಡಲೇ ಬಾಯಿಯ ಮೂಲಕ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಕೊಟ್ಟವರು ಹಳ್ಳಿಯ ಎಎನ್‌ಎಂಗಳು (ಸಹಾಯಕ ದಾದಿಯರು). 1,620 ಮಹಿಳೆಯರಲ್ಲಿ ಮಾತ್ರೆ ಪಡೆದವರ ಅತಿ ರಕ್ತಸ್ರಾವ ಶೇ. 6.4, ಪಡೆಯದವರದು ಶೇ. 12. ಅಲ್ಲಿ ಇದ್ದದ್ದು ಒಂದು ಅಪಾಯ, ಒಂದು ಔಷಧ. ಅದನ್ನು ಕೊಡಬೇಕಾದವರ ಕೈಯಲ್ಲೇ ಔಷಧ ಇತ್ತು. ಪುರಾವೆ ಹೀಗೆ ಕೆಲಸ ಮಾಡುವವರ ಕೈಗೆ ಬಂದಾಗಲೇ ಫಲ ಕೊಡುತ್ತದೆ.

ಬೆಟರ್‌ಬರ್ತ್ ಫಲಿತಾಂಶ ಪ್ರಕಟವಾದ 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಹೆರಿಗೆ ಕೋಣೆಗಳ ಸುಧಾರಣೆಗೆ ‘ಲಕ್ಷ್ಯ’ ಯೋಜನೆ ಆರಂಭಿಸಿತು. ಸಿಬ್ಬಂದಿ, ಸಲಕರಣೆ, ತರಬೇತಿ ಎಲ್ಲವನ್ನೂ ಅದು ಹೇಳುತ್ತದೆ; ಅದು ಸರಿಯಾದ ದಾರಿ. ಅಪಾಯವಿರುವುದು ಗುಣಮಟ್ಟವೆಂದರೆ ತುಂಬಿದ ಫಾರಂ ಮತ್ತು ಪಡೆದ ಅಂಕ ಎಂದುಕೊಳ್ಳುವಲ್ಲಿ. ನನ್ನ ತೀರ್ಮಾನ ಇಷ್ಟು: ಚೆಕ್‌ಲಿಸ್ಟ್ ಒಳ್ಳೆಯ ಸಾಧನ, ಅದರ ಮೇಲಷ್ಟೇ ನಿಂತ ಕಾರ್ಯಕ್ರಮ ಸಾಲದು. ಆರೋಗ್ಯ ಇಲಾಖೆ ಪ್ರತಿ ಹೆರಿಗೆ ಆಸ್ಪತ್ರೆಯ ಪರಿಶೀಲನೆಯಲ್ಲಿ ಎಷ್ಟು ಗುರುತು ಬಿತ್ತು ಎಂಬುದರ ಜೊತೆಗೆ ಎಷ್ಟು ತಾಯಂದಿರು, ಎಷ್ಟು ಶಿಶುಗಳು ಉಳಿದರು, ಉಳಿಯದವರಿಗೆ ಯಾವ ನೆರವು ಸಿಗಲಿಲ್ಲ ಎಂದು ಕೇಳಲಿ. ಸಿಕ್ಕ ಉತ್ತರವನ್ನು ಜನರ ಮುಂದಿಡಲಿ.